ವಾಲ್ವ್ ಹೆಡ್‌ಫೋನ್ ಆಂಪ್‌ನಾಗ ಗುಂಯ್ ಅಂತದ, ಎಲ್ಲಿಂದ ಹುಡುಕ್ಬೇಕು?

ಪ್ರಶ್ನೆ: ನಮಸ್ಕಾರ್ರಿ ಸರ್. ನಾನೂ ಕಲಬುರಗಿಯವನೇ. ಹೋದ ವರ್ಷ ಒಂದು ವಾಲ್ವ್ (ಹಳೇ ರೇಡಿಯೋದಾಗಿನ ಗಾಜಿನ ಟ್ಯೂಬ್) ಹೆಡ್‌ಫೋನ್ ಆಂಪ್ಲಿಫೈಯರ್ ಸೆಕೆಂಡ್ ಹ್ಯಾಂಡ್ ತಗೊಂಡೀನಿ, ಯಾರೋ ಮನ್ಯಾಗ ಕಟ್ಟಿದ್ದು. ಮುಂದ 12ಎಯು7 ಅನ್ನೋ ವಾಲ್ವ್ ಒಂದು, ಹಿಂದ 6080 ಅನ್ನೋದು ಒಂದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ. ಹಳೇ 300 ಓಮ್ ಹೆಡ್‌ಫೋನ್‌ಗೆ ಏನೂ ತೊಂದ್ರಿ ಇರಲಿಲ್ಲ, ಈಗ 32 ಓಮ್‌ದು ಹೊಸಾದು ತಗೊಂಡ ಮ್ಯಾಲ ಒಂದೇ ಸಮ ಗುಂಯ್ ಅಂತದ. ವಾಲ್ಯೂಮ್ ಪೂರ್ತಿ ಇಳಿಸಿದ್ರೂ ಅಷ್ಟೇ ಇರ್ತದ. ಎಡಗಡಿ ಕಿವ್ಯಾಗ ಜರಾ ಜಾಸ್ತಿ. ಡಬ್ಬಿ ಮುಟ್ಟಿದ್ರ ಕಮ್ಮಿ ಆಗ್ತದ, ಸಂಜಿ ಮುಂದ ಹೆಚ್ಚಾಗ್ತದ. ಮೂರು ಸಲ ವಾಲ್ವ್ ಬದಲಿ ಮಾಡಿದೆ, ರೊಕ್ಕ ಹೋಯ್ತು ಖರೆ ಗುಂಯ್ ಹೋಗ್ಲಿಲ್ಲ. ಏನು ಮಾಡ್ಲಿ?

ಉತ್ತರ: ನಮಸ್ಕಾರ್ರಿ. ಮೊದಲು ಒಂದು ಮಾತು, ಇನ್ನ ಮ್ಯಾಲ ವಾಲ್ವ್ ಕೊಳ್ಳಬ್ಯಾಡ್ರಿ. ನೀವು ಬರ್ದಿದ್ದು ನಾಕೈದು ಸಾಲು ಆದ್ರೂ ಅದ್ರಾಗೇ ಅರ್ಧ ಉತ್ತರ ಅದ, ವಾಲ್ಯೂಮ್‌ದು ಒಂದು ಸುಳಿವು, ಡಬ್ಬಿ ಮುಟ್ಟಿದ್ದು ಒಂದು, ಎಡಗಡಿ ಜಾಸ್ತಿ ಅಂದಿದ್ದು ಒಂದು. ಹಮ್ ಅನ್ನೋದು, ಅಂದ್ರ ಈ ಗುಂಯ್ ಸಪ್ಪಳ, ಎಲ್ಲೋ ಒಂದು ಕಡಿಂದ ಒಳಗ ಹೊಕ್ತದ, ಅದು ಎಲ್ಲಿ ಹೊಕ್ತದ ಅಂತ ಮೊದಲು ಕಿವಿಲೇ ಹುಡುಕಬೇಕು, ಸೋಲ್ಡರಿಂಗ್ ಐರನ್ ಹಚ್ಚೋದು ಆಮ್ಯಾಲಿನ ಮಾತು. ನಾ ರೇಡಿಯೋ, ಆಂಪ್ ರಿಪೇರಿ ಮಾಡ್ಕೋತ ಭಾಳ ವರ್ಷ ಆಯ್ತು, ಗುಂಯ್ ಅಂತದ ಅಂತ ನನ್ನ ಟೇಬಲ್ ಮ್ಯಾಲ ಬಂದಿದ್ರಾಗ ಬರೇ ವಾಲ್ವ್ ಕೆಟ್ಟಿದ್ದು ಕಮ್ಮಿ, ಅರ್ಥಿಂಗ್, ವೈರ್ ಎಳೆದ ಹಾದಿ, ಒಣಗಿದ ಕಂಡೆನ್ಸರ್ ಇವೇ ಹೆಚ್ಚು.

ಹಳೇ ಹೆಡ್‌ಫೋನ್‌ನಾಗ ಯಾಕ ಕೇಳ್ಸಲಿಲ್ಲ ಅನ್ನೋದು ಮೊದಲು ತಿಳ್ಕೋರಿ, ಯಾಕಂದ್ರ ಆಂಪ್ ಹೊಸಾದಾಗಿ ಕೆಟ್ಟಿಲ್ಲ, ಹಮ್ ಮೊದಲಿಂದನೂ ಇತ್ತು. 300 ಓಮ್‌ದ ಹೆಡ್‌ಫೋನ್‌ಗೆ 1 ಮಿಲಿವ್ಯಾಟ್ ಕೊಡ್ಬೇಕಂದ್ರ ಅದರ ತುದಿಗೆ 0.55 ವೋಲ್ಟ್ ಬೇಕು. 32 ಓಮ್‌ದಕ್ಕ ಅಷ್ಟೇ 1 ಮಿಲಿವ್ಯಾಟ್‌ಗೆ 0.18 ವೋಲ್ಟ್ ಸಾಕು. ಹಳೇದು 1 ಮಿಲಿವ್ಯಾಟ್‌ಗೆ 97 ಡಿಬಿ, ಹೊಸಾದು 104 ಡಿಬಿ ಅಂತ ಇಟ್ಕೊಳ್ಳೋಣ, ಇಂಥವೇ ಹೆಚ್ಚು ಸಿಗ್ತಾವ. ಈಗ ಎರಡಕ್ಕೂ 1 ಮಿಲಿವೋಲ್ಟ್ ಹಮ್ ಬಂತು ಅನ್ರಿ, ಹಳೇದ್ರಾಗ ಅದು 42 ಡಿಬಿ ಆಗ್ತದ, ಹೊಸಾದ್ರಾಗ 59 ಡಿಬಿ. ಮನುಷ್ಯಾರ ಕಿವಿಗೆ 50 ಹರ್ಟ್ಜ್ ಕೇಳ್ಸಬೇಕಂದ್ರ ಕಮ್ಮಿ ಅಂದ್ರೂ 44 ಡಿಬಿ ಬೇಕು, ಅಷ್ಟು ಕೆಳಗಿನ ಸ್ವರಕ್ಕ ನಮ್ಮ ಕಿವಿ ಮಂದ. ಅಂದ್ರ ಹಳೇದ್ರಾಗ ಹಮ್ ಇತ್ತು ಆದ್ರ ಕಿವಿಗೆ ಸಿಗಲಿಲ್ಲ, ಹೊಸಾದ್ರಾಗ ಅದೇ ಹಮ್ 15 ಡಿಬಿ ಮ್ಯಾಲ ಎದ್ದು ನಿಂತದ. ಇದು ಪಕ್ಕಾ ತಿಳ್ಕೋರಿ, ಯಾಕಂದ್ರ ಕಡೀಕ ಒಂದು ಸಣ್ಣ ಉಪಾಯ ಇದ್ರ ಮ್ಯಾಲೇ ಹೇಳ್ತೀನಿ.

ಇನ್ನ ಆ ಗುಂಯ್ 50ರದೋ 100ರದೋ ಅಂತ ನೋಡ್ಬೇಕು. ಮೊಬೈಲ್‌ನಾಗ ಟೋನ್ ಜನರೇಟರ್ ಅಂತ ಆಪ್ ಸಿಗ್ತದ, ಅದನ್ನ ಬ್ಯಾರೆ ಇಯರ್‌ಫೋನ್‌ಗೆ ಹಚ್ಚಿ 50 ಒಮ್ಮೆ 100 ಒಮ್ಮೆ ಕೇಳಿ, ಆಮ್ಯಾಲ ಆಂಪ್‌ಗೆ ಕಿವಿ ಕೊಟ್ರ ಯಾವ್ದು ಹೊಂದ್ತದ ಅಂತ ಗೊತ್ತಾಗ್ತದ. ಮೊಬೈಲ್‌ನ ಸಣ್ಣ ಸ್ಪೀಕರ್‌ನಾಗ 50 ಬರಂಗಿಲ್ಲ, ಅದಕ್ಕ ಇಯರ್‌ಫೋನ್ ಬೇಕು. 50 ಅಂದ್ರ ದುಂಡಗ, ಮೆತ್ತಗ, ಹೊಟ್ಯಾಗ ಗುಂಯ್ ಅಂದಂಗ. 100 ಅಂದ್ರ ಜರಾ ಗಡುಸು, ಅದ್ರಾಗ ಮ್ಯಾಲಿನ ಸ್ವರಗಳು ಕೂಡಿ ಜಿರ್ರ್ ಅಂತದ. ನಮ್ಮ ಲೈನ್ 50 ಹರ್ಟ್ಜ್, ಎಸಿಯನ್ನ ಡಿಸಿ ಮಾಡೋ ಬ್ರಿಜ್ ಡಯೋಡ್ ಅದನ್ನ ಎರಡು ಪಟ್ಟು ಮಾಡಿ 100 ಮಾಡ್ತದ, ಹಿಂಗಾಗಿ 100 ಕೇಳಿಸ್ತಂದ್ರ ಸಪ್ಲೈ ಕಡಿ ನೋಡ್ಬೇಕು, ಕಂಡೆನ್ಸರ್, ರೆಕ್ಟಿಫೈಯರ್, ಗ್ರೌಂಡ್ ಜೋಡಿಸಿದ ಜಾಗ. 50 ಕೇಳಿಸ್ತಂದ್ರ ಹೀಟರ್ (ವಾಲ್ವ್ ಕಾಸೋ ಒಳಗಿನ ತಂತಿ), ಟ್ರಾನ್ಸ್‌ಫಾರ್ಮರ್‌ದ ಆಯಸ್ಕಾಂತ, ಅರ್ಥ್, ಗ್ರೌಂಡ್ ಲೂಪ್ (ಇದನ್ನ ಮುಂದ ಹೇಳ್ತೀನಿ). ನೀವು ಗುಂಯ್ ಅಂತ ಬರ್ದೀರಿ, ಜಿರ್ರ್ ಅಂದಿಲ್ಲ, ಮುಟ್ಟಿದ್ರ ಕಮ್ಮಿ ಆಗ್ತದ ಅಂದೀರಿ, ಹಿಂಗಾಗಿ 50ರ ಕಡಿಗೇ ನನ್ನ ಅನುಮಾನ. ಆದ್ರ ನೀವೇ ಕೇಳಿ ಖಾತ್ರಿ ಮಾಡ್ಕೋರಿ.

ಡಬ್ಬಿ ಬಿಚ್ಚದೇನೇ ಮಾಡೋ ಪರೀಕ್ಷೆ ಭಾಳ ಅವ. ವಾಲ್ಯೂಮ್ ಇಳಿಸಿದ್ರೂ ಹಮ್ ಹೋಗಂಗಿಲ್ಲ ಅಂದ್ರಿ, ಅಂದ್ರ ಅದು ವಾಲ್ಯೂಮ್ ಪಾಟ್ (ವಾಲ್ಯೂಮ್ ಗುಂಡಿ ಹಿಂದಿನ ರೆಸಿಸ್ಟರ್) ಆದ ಮ್ಯಾಲ ಹೊಕ್ಕದ. ಇನ್‌ಪುಟ್ ಕೇಬಲ್ ಬದಲಿ ಮಾಡೋದು, ದುಬಾರಿ ಕೇಬಲ್ ತರೋದು ಯಾವ್ದೂ ಬ್ಯಾಡ. ಇನ್ನೊಂದು, ಆಂಪ್ ತಣ್ಣಗಿದ್ದಾಗ ಹೆಡ್‌ಫೋನ್ ಹಾಕ್ಕೊಂಡೇ ಸ್ವಿಚ್ ಹಾಕ್ರಿ. ವಾಲ್ವ್ ಕಾಯೋದಕ್ಕ ಹತ್ತಿಪ್ಪತ್ತು ಸೆಕೆಂಡ್ ಹಿಡೀತದ, ಅಲ್ಲೀ ಮಟ ವಾಲ್ವ್ ಏನೂ ದಾಟಸಂಗಿಲ್ಲ. ಸ್ವಿಚ್ ಹಾಕಿದ ಕೂಡ್ಲೇ ಹಮ್ ಬಂತಂದ್ರ ಅದು ವಾಲ್ವ್‌ನಾಗಿಂದ ಬಂದಿದ್ದಲ್ಲ, ಟ್ರಾನ್ಸ್‌ಫಾರ್ಮರ್ ನೆಟ್ಟಗ ಔಟ್‌ಪುಟ್ ವೈರಿಗೋ ಜ್ಯಾಕಿಗೋ ತುಂಬಾಕತ್ತದ, ಇಲ್ಲಾಂದ್ರ ಗ್ರೌಂಡ್ ತಪ್ಪದ. ವಾಲ್ವ್ ಕಾದ ಮ್ಯಾಲ ನಿಧಾನಕ್ಕ ಏರ್ತು ಅಂದ್ರ ಮಾತು ಬ್ಯಾರೆ. ಈ ಒಂದು ಪರೀಕ್ಷೆ ಮಾಡಿದ್ರ ಮುಂದಿನ ಎರಡು ದಿನದ ಕೆಲಸ ಉಳೀತದ, ನಾ ಯಾರೇ ಬರ್ಲಿ ಮೊದಲು ಇದೇ ಮಾಡ್ತೀನಿ. ಒಂದು ಎಚ್ಚರ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ಆಂಪ್ ಸುರು ಆಗೋವಾಗ ಔಟ್‌ಪುಟ್ ಕಂಡೆನ್ಸರ್ ತುಂಬ್ಕೋತದ, ಆಗ ಹೆಡ್‌ಫೋನ್‌ಗೆ ಧಕ್ಕಿ ಬೀಳ್ತದ, ಹಿಂಗಾಗಿ ಈ ಪರೀಕ್ಷೆಗೆ ಹೊಸ ಹೆಡ್‌ಫೋನ್ ಬ್ಯಾಡ, ಹಳೇ ಅಗ್ಗದ್ದು ಯಾವ್ದಾದ್ರೂ 32 ಓಮ್‌ದು ಹಚ್ರಿ.

ಮತ್ತ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿ ಬ್ಯಾಟ್ರಿ ಮ್ಯಾಲ ಹಾಡು ಹಚ್ರಿ. ಹಮ್ ಹೋಯ್ತಂದ್ರ ಗ್ರೌಂಡ್ ಲೂಪ್, ಚಾರ್ಜರ್‌ದ ಅರ್ಥ್ ಒಂದು ಕಡಿಂದ, ಆಂಪ್‌ದ ಅರ್ಥ್ ಒಂದು ಕಡಿಂದ, ನಡುವ ಕೇಬಲ್‌ದ ಶೀಲ್ಡ್, ಮೂರೂ ಕೂಡಿ ಒಂದು ಸುತ್ತು ಆಗ್ತದ, ಅದ್ರಾಗ ಕರೆಂಟ್ ಹರೀತದ. ಇದಕ್ಕ ಔಷಧ ಅಂತ ಕೆಲವರು ಆಂಪ್‌ದ ಅರ್ಥ್ ಪಿನ್ ಮುರಿದು ಬಿಡ್ತಾರ. ಹಂಗ ಯಾವತ್ತೂ ಮಾಡಬ್ಯಾಡ್ರಿ. ಒಳಗ 200 ವೋಲ್ಟ್ ಮ್ಯಾಲಿನ ಡಿಸಿ ಅದ, ಒಂದು ವೈರ್ ಕಿತ್ತಿ ಚಾಸಿಗೆ (ಡಬ್ಬಿಯ ಲೋಹದ ಮೈಗೆ) ತಾಗಿತಂದ್ರ ಆ ಅರ್ಥ್ ಪಿನ್ ಒಂದೇ ನಿಮ್ಮನ್ನ ಉಳಿಸೋದು, ಅದೂ ನೀವು ಕಿವಿಗೆ ತಂತಿ ಕಟ್ಕೊಂಡು ಕುಂತಿರ್ತೀರಿ.

ಫ್ಯಾನ್ ರೆಗ್ಯುಲೇಟರ್ ಎಲೆಕ್ಟ್ರಾನಿಕ್‌ದು ಇದ್ರ ಫ್ಯಾನ್ ಒಮ್ಮೆ ಪೂರ್ತಿ ಬಂದ್ ಮಾಡಿ ಕೇಳ್ರಿ, ಸುತ್ತೋ ಮಾದರಿಯ ಹಳೇ ರೆಗ್ಯುಲೇಟರ್ ಒಳಗ ಟ್ರಯಾಕ್ ಇರ್ತದ, ಅದು ಪ್ರತಿ ಅರ್ಧ ಸೈಕಲ್‌ಗೆ ಒಮ್ಮೆ ಲೈನ್ ಕತ್ತರಿಸಿ ಜಿರ್ರ್ ಅನ್ನಿಸ್ತದ. ಇನ್ವರ್ಟರ್ ಮ್ಯಾಲ ಇದ್ದಾಗ ಹೆಚ್ಚಾಗ್ತದ ಅಂದ್ರ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರ್ಬೇಕು, 50ರ ಜೊತಿಗೆ 150, 250, 350 ಎಲ್ಲಾ ಕಳಿಸ್ತದ, ಅದರ ಮ್ಯಾಲ ವಾಲ್ವ್ ಆಂಪ್ ನಡೆಸದೇ ಇರೋದು ಛಲೋ.

ಈಗ ಡಬ್ಬಿ ಮುಟ್ಟಿದ್ರ ಕಮ್ಮಿ ಆಗ್ತದ ಅನ್ನೋ ಮಾತಿಗೆ ಬರ್ತೀನಿ, ನಿಮ್ಮ ಪತ್ರದಾಗ ನನಗ ಭಾಳ ಮುಖ್ಯ ಅನ್ಸಿದ್ದು ಇದೇ. ಚಾಸಿ ಖರೇನೇ ಅರ್ಥ್ ಆಗಿದ್ರ ನೀವು ಮುಟ್ಟಿದ್ರೂ ಬಿಟ್ರೂ ಒಂದೇ ಇರ್ಬೇಕು. ಮುಟ್ಟಿದಾಗ ನಿಮ್ಮ ಮೈನೇ ಅದಕ್ಕ ಅರ್ಥ್ ಆಗಾಕತ್ತದ, ಅಂದ್ರ ಚಾಸಿ ಗಾಳ್ಯಾಗ ಅದ. ಒಂದೋ ಆಂಪ್‌ದ ಮೂರನೇ ವೈರ್ ಒಳಗ ಚಾಸಿಗೆ ಬಿಗಿ ಇಲ್ಲ, ಅಥವಾ ಚಾಸಿಗೆ ಬಣ್ಣ ಹೊಡೆದು ಬಣ್ಣದ ಮ್ಯಾಲೇ ಸ್ಕ್ರೂ ಹಾಕ್ಯಾರ, ಅಥವಾ ನಿಮ್ಮ ಗ್ವಾಡಿ ಸಾಕೆಟ್‌ನಾಗ ಅರ್ಥ್ ರಂಧ್ರ ಮಾತ್ರ ಅದ, ಹಿಂದ ವೈರ್ ಇಲ್ಲ. ಮೂರನೇದ್ದು ನಮ್ಮ ಕಡಿ ಹಳೇ ಮನಿಗಳಾಗ ಎಷ್ಟು ನೋಡೀನಿ ಲೆಕ್ಕ ಇಲ್ಲ. ಆಂಪ್ ಪ್ಲಗ್ ಕಿತ್ತಿ ಮಲ್ಟಿಮೀಟರ್‌ದ ಓಮ್‌ನಾಗ ಪ್ಲಗ್ಗಿನ ದೊಡ್ಡ ಪಿನ್‌ಗೂ ಚಾಸಿಯ ಬರೀ ಲೋಹಕ್ಕೂ ನಡುವ ನೋಡ್ರಿ, 1 ಓಮ್ ಒಳಗ ಬರ್ಬೇಕು. ಬಂತಂದ್ರ ಆಂಪ್ ಪಾಸ್, ತಪ್ಪು ಮನಿ ವೈರಿಂಗ್‌ದು.

ಸಾಕೆಟ್ ಪರೀಕ್ಷೆ ಜ್ವಾಕಿಲೆ. ಮೀಟರ್ 750 ವೋಲ್ಟ್ ಎಸಿಗೆ ಇಟ್ಟು ಫೇಸ್-ನ್ಯೂಟ್ರಲ್ ನೋಡ್ರಿ, 230 ಸುತ್ತಮುತ್ತ ಬರ್ತದ. ಫೇಸ್-ಅರ್ಥ್ ಹೆಚ್ಚುಕಮ್ಮಿ ಅಷ್ಟೇ ಬರ್ಬೇಕು. ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟ್ ಒಳಗ ಇದ್ರ ಛಲೋ. ಅಲ್ಲಿ 40, 60, 100 ಅಂತ ಏನಾದ್ರೂ ತೋರಿಸ್ತಂದ್ರ ಅರ್ಥ್ ತುಂಡಾಗ್ಯದ ಇಲ್ಲಾ ಒಣಗ್ಯದ ಅಂತ ತಿಳ್ಕೋರಿ. ಫೇಸ್‌ಗೂ ಅರ್ಥ್‌ಗೂ ಬಲ್ಬ್ ಹಚ್ಚಿ ನೋಡೋ ಪದ್ಧತಿ ಅದ, ಅದನ್ನ ನೀವು ಮಾಡಬ್ಯಾಡ್ರಿ, ಅರ್ಥ್ ಕೆಟ್ಟಿದ್ರ ಆ ಹೊತ್ತಿನಾಗ ಮನಿಯ ಫ್ರಿಜ್, ಕೂಲರ್, ಗೀಜರ್ ಎಲ್ಲದ್ರ ಮೈಗೂ ಫೇಸ್ ಬರ್ತದ. ತಿಳಿದ ವೈರ್‌ಮನ್‌ಗೆ ಕರೀರಿ.

ಅರ್ಥ್ ಒಣಗೋದು ಅಂದೆ, ಅದು ನಮ್ಮ ನೆಲದ ಗುಣ. ಎರಿ ಮಣ್ಣು ಮಳಿಗಾಲದಾಗ ಉಬ್ತದ, ಬ್ಯಾಸಗ್ಯಾಗ ಕೈ ಹೊಕ್ಕೋವಷ್ಟು ಬಿರೀತದ, ಗುಂಡಿಯೊಳಗಿನ ಪೈಪಿಗೂ ಮಣ್ಣಿಗೂ ನಡುವ ಗಾಳಿ ಬಂದು ಬಿಡ್ತದ. ನಮ್ಮ ಮನ್ಯಾಗೇ ಒಂದು ವೈಶಾಖದಾಗ ಹಿಂಗ ಆಗಿತ್ತು. ಮಧ್ಯಾಹ್ನ 42-43 ಡಿಗ್ರಿ ಬಿಸಿಲು, ಲ್ಯಾಪ್‌ಟಾಪ್ ಮ್ಯಾಲ ಕೈ ಇಟ್ರ ಜುಮ್ ಜುಮ್ ಅಂತಿತ್ತು, ಬರಿಗಾಲಲೇ ಶಹಾಬಾದ್ ಕಲ್ಲಿನ ಮ್ಯಾಲ ನಿಂತ್ರ ಇನ್ನಾ ಜಾಸ್ತಿ. ನ್ಯೂಟ್ರಲ್-ಅರ್ಥ್ ನಡುವ ಮೀಟರ್ 30ರ ಮ್ಯಾಲ ತೋರಿಸ್ತಿತ್ತು. ಹಿತ್ತಲದಾಗ ಹೋಗಿ ಅರ್ಥ್ ಗುಂಡಿಯ ಮುಚ್ಚಳ ಎತ್ತಿದ್ರ ಒಳಗ ಇದ್ದಿಲು ಪುಡಿಪುಡಿ, ಪೈಪಿನ ಸುತ್ತ ಬೆರಳು ತೂರೋವಷ್ಟು ಸಂದಿ. ನಾಕು ಕೊಡ ನೀರು ಹಾಕಿದೆ, ಗಟಗಟ ಅಂತ ಕುಡೀತು, ಅರ್ಧ ತಾಸಿನ ಮ್ಯಾಲ ಮೀಟರ್ ಹಚ್ಚಿದ್ರ 3 ವೋಲ್ಟ್‌ಗೆ ಬಂದಿತ್ತು, ಆಂಪ್‌ದ ಗುಂಯ್ ಅರ್ಧಕ್ಕರ್ಧ ಇಳಿದಿತ್ತು. ಕಾರಣ ಏನಂದ್ರ ಈಗಿನ ಚಾರ್ಜರ್, ಟಿವಿ, ಕಂಪ್ಯೂಟರ್ ಸಪ್ಲೈ ಬಹಳಷ್ಟಕ್ಕ ಫೇಸ್‌ನಿಂದ ಅರ್ಥ್‌ಗೂ, ನ್ಯೂಟ್ರಲ್‌ನಿಂದ ಅರ್ಥ್‌ಗೂ ಸಣ್ಣ ಸಣ್ಣ ಫಿಲ್ಟರ್ ಕಂಡೆನ್ಸರ್ ಇರ್ತಾವ. ಅರ್ಥ್ ಗಟ್ಟಿ ಇದ್ರ ಅವು ಹೊಲಸನ್ನ ಭೂಮಿಗೆ ಬಿಡ್ತಾವ, ಅರ್ಥ್ ಇಲ್ಲಾಂದ್ರ ಅವೇ ಮನಿಯ ಅರ್ಥ್ ವೈರ್ ಪೂರಾ 115 ವೋಲ್ಟ್ ಮಟ ಎತ್ತಿ ಹಿಡೀತಾವ, 230ರ ಅರ್ಧ. ಸಂಜಿ ಮುಂದ ಹೆಚ್ಚಾಗ್ತದ ಅಂದ್ರಲ್ಲ, ಟಿವಿ, ಲೈಟು, ಕೂಲರ್ ಎಲ್ಲಾ ಒಮ್ಮೆಲೇ ಚಾಲೂ ಆಗೋ ಹೊತ್ತು ಅದು. ಮೊದಲು ಇದು ಸರಿ ಮಾಡ್ರಿ. ಹಾಡಿನ ಸಲುವಾಗಿ ಅಲ್ಲ, ಮನ್ಯಾಗ ಇರೋರ ಜೀವದ ಸಲುವಾಗಿ.

ಅರ್ಥ್ ಸರಿ ಆದ ಮ್ಯಾಲೂ ಜರಾ ಹಮ್ ಉಳೀತದ ಅಂತ ನನ್ನ ಅಂದಾಜು, ಎಡಗಡಿ ಜಾಸ್ತಿ ಅನ್ನೋದಕ್ಕ ಇನ್ನೂ ಉತ್ತರ ಸಿಕ್ಕಿಲ್ಲ. 12ಎಯು7ನಾಗ ಎರಡು ಟ್ರಯೋಡ್ (ಒಂದೇ ಗಾಜಿನೊಳಗ ಎರಡು ಬಿಡಿ ವಾಲ್ವ್ ಇದ್ದಂಗ), 6080ನಾಗೂ ಎರಡು, ಒಂದು ಎಡಕ್ಕ ಒಂದು ಬಲಕ್ಕ. ನೀವು ಮೂರು ಸಲ ಬದಲಿ ಮಾಡಿದ್ರೂ ಪ್ರತಿ ಸಲ ಎಡಗಡಿಯೇ ಜಾಸ್ತಿ ಅಂದ್ರ ಮೂರೂ ವಾಲ್ವ್‌ಗಳ ಎಡಭಾಗನೇ ಕೆಟ್ಟಿರೋದು ಆಗದ ಮಾತು. ಎಡಗಡಿ ವೈರ್ ಯಾವ್ದೋ ಟ್ರಾನ್ಸ್‌ಫಾರ್ಮರ್‌ಗೋ ಹೀಟರ್ ವೈರಿಗೋ ಹತ್ರ ಅದ.

ಈಗ ಡಬ್ಬಿ ಬಿಚ್ಚಬೇಕು, ಬಿಚ್ಚೋಕಿಂತ ಮುಂಚೆ ಇದು ಓದ್ರಿ. ಪ್ಲಗ್ ಕಿತ್ತರೂ ದೊಡ್ಡ ಕಂಡೆನ್ಸರ್ ಒಳಗ 150-200 ವೋಲ್ಟ್ ಕುಂತಿರ್ತದ, ಅದನ್ನ ಖಾಲಿ ಮಾಡೋ ಬ್ಲೀಡರ್ ರೆಸಿಸ್ಟರ್ ಇಲ್ಲಾಂದ್ರ ತಾಸುಗಟ್ಟಲೆ ಇರ್ತದ. ಸ್ಕ್ರೂಡ್ರೈವರ್ ಹಚ್ಚಿ ಠಣ್ ಅನ್ಸಬ್ಯಾಡ್ರಿ, ಕಂಡೆನ್ಸರೂ ಕೆಡ್ತದ, ಕಣ್ಣಿಗೂ ಸಿಡೀತದ. 10 ಕೆ ಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಎರಡು ಕಡಿ ಇನ್ಸುಲೇಷನ್ ಇರೋ ಕ್ಲಿಪ್ ವೈರ್ ಹಚ್ಚಿ ಕಂಡೆನ್ಸರ್ ತುದಿಗಳಿಗೆ ಅರ್ಧ ನಿಮಿಷ ಹಿಡೀರಿ, ಮೀಟರ್‌ಲೇ ನೋಡ್ರಿ, 10 ವೋಲ್ಟ್ ಕೆಳಗ ಇಳಿದ ಮ್ಯಾಲೇ ಕೈ ಹಾಕ್ರಿ. ಚಾಲೂ ಇದ್ದಾಗ ಅಳತಿ ಮಾಡೋದಿದ್ರ ಕಾಲಾಗ ರಬ್ಬರ್ ಚಪ್ಪಲ್, ಒಂದು ಕೈ ಕಿಸೆದಾಗ. ಈ ಕೆಲಸ ಮೊದಲು ಮಾಡಿಲ್ಲಾಂದ್ರ ಬಲ್ಲವರ ಎದುರು ಕುಂತು ಮಾಡ್ರಿ.

ನನ್ನ ಹತ್ರ ಒಂದು ಗೇಣುದ್ದದ ಒಣ ಬಿದಿರು ಕಡ್ಡಿ ಅದ, ತುದಿ ಚೂಪು ಮಾಡಿಟ್ಟೀನಿ, ಹಮ್ ಹುಡುಕಾಕ ಅದಕ್ಕಿಂತ ಛಲೋ ಹತ್ಯಾರ ನನಗ ಸಿಕ್ಕಿಲ್ಲ. ಆಂಪ್ ಚಾಲೂ, ಅಗ್ಗದ ಹೆಡ್‌ಫೋನ್ ಕಿವಿಗೆ, ಕಡ್ಡಿಲೇ ಒಂದೊಂದೇ ವೈರ್ ಮೆಲ್ಲಕ ಸರಸೋದು. ಒಂದು ಆಂಪ್‌ನಾಗ ಹಿಂಗೇ ಎಡಗಡಿ ಹಮ್ ಇತ್ತು. ಹಸಿರು ಹೀಟರ್ ವೈರ್ ಎರಡೂ ಬಿಡಿಬಿಡಿಯಾಗಿ ಸಾಕೆಟ್ ಅಡ್ಡ ದಾಟಿ ಹೋಗಿದ್ವು, ಅದ್ರಾಗ ಒಂದು ಎಡಗಡಿ ಗ್ರಿಡ್‌ಗೆ (ವಾಲ್ವ್‌ನಾಗ ಸಿಗ್ನಲ್ ಹೊಗೋ ಕಾಲಿಗೆ) ಹೋಗೋ ಕಂಡೆನ್ಸರ್ ಕಾಲಿನ ಮ್ಯಾಲೇ ಮಲಗಿತ್ತು. ಕಡ್ಡಿಲೇ ಒಂದು ಬೆರಳಗಲ ಆಚೆ ಒತ್ತಿದೆ, ಗುಂಯ್ ಅನ್ನೋದು ದೂರ ನಡ್ಕೋತ ಹೋದಂಗ ಆಯ್ತು, ಬಿಟ್ರ ಮತ್ತ ಬಂತು. ಅಷ್ಟೇ ಕೆಲಸ. ಆ ಎರಡು ವೈರ್ ಬಿಚ್ಚಿ ಜಡಿ ಹೆಣದಂಗ ಬಿಗಿಯಾಗಿ ತಿರುವಿ ಚಾಸಿಯ ಮೂಲಿಗುಂಟ ಒಯ್ದು, ಸಾಕೆಟ್ ಹತ್ರ ಮಾತ್ರ ಮ್ಯಾಲೆತ್ತಿದೆ. 6080ರ ಹೀಟರ್ 6.3 ವೋಲ್ಟ್‌ಗೆ 2.5 ಆಂಪಿಯರ್ ಎಳೀತದ, 12ಎಯು7 ಬರೇ 0.3, ಹಿಂಗಾಗಿ 6080ಕ್ಕ ಹೋಗೋ ವೈರೇ ದೊಡ್ಡ ಕಳ್ಳ, ಅದನ್ನ ಮುಂದಿನ ವಾಲ್ವ್ ಹತ್ರ ಸುಳಿಯಾಕ ಬಿಡಬಾರದು.

ತಣ್ಣಗಿದ್ದಾಗಲೇ ಹಮ್ ಬರ್ತದ ಅಂತ ನಿಮಗ ಕಂಡುಬಂದ್ರ ಟ್ರಾನ್ಸ್‌ಫಾರ್ಮರ್ ನೋಡ್ರಿ. ಪ್ಲಗ್ ಕಿತ್ತಿ ಅದರ ಸ್ಕ್ರೂ ತಗದು 90 ಡಿಗ್ರಿ ತಿರುಗಿಸಿ ಇಟ್ಟು, ಕೆಳಗ ರಟ್ಟು ಹಾಕಿ, ಚಾಲೂ ಮಾಡಿ ಕೇಳ್ರಿ, ಪ್ರತಿ ಸಲ ಬಂದ್ ಮಾಡಿ ತಿರುಗಿಸ್ರಿ, ಚಾಲೂ ಇದ್ದಾಗ ಕೈ ಹಚ್ಚಬ್ಯಾಡ್ರಿ. ಒಂದು ಕೋನದಾಗ ಹಮ್ ಎಲ್ಲಕ್ಕಿಂತ ಕಮ್ಮಿ ಆಗ್ತದ, ಅಲ್ಲೇ ಬಿಗೀರಿ.

ಇನ್ನೊಂದು ಜಾಗ ಹೆಡ್‌ಫೋನ್ ಜ್ಯಾಕ್. ಲೋಹದ ಜ್ಯಾಕ್ ಇದ್ರ ಅದರ ಮೈ ಚಾಸಿಗೆ ತಾಗಬಾರದು, ನಡುವ ಫೈಬರ್ ವಾಷರ್ ಇರ್ಬೇಕು. ನನ್ನ ಸ್ವಂತ ಆಂಪ್‌ನಾಗ ಈ ವಾಷರ್ ಸೀಳಿತ್ತು, ಸಪ್ಲೈ ಕಂಡೆನ್ಸರ್ ಎಲ್ಲಾ ಬದಲಿ ಮಾಡಿದ್ದೆ, ಹೈದರಾಬಾದ್ ಕೋಠಿಗೆ ಹೋಗಿ ಸಾಮಾನು ತಂದಿದ್ದೆ, ಗುಂಯ್ ಹಂಗೇ ಇತ್ತು. ಒಂದಿನ ಜ್ಯಾಕ್‌ದ ನಟ್ ಸಡಿಲಾಗ್ಯದ ಅಂತ ಬಿಗ್ಯಾಕ ಹೋದಾಗ ಹಮ್ ಒಮ್ಮೆ ಹೋಗಿ ಒಮ್ಮೆ ಬಂತು, ಆಗ ತಿಳೀತು. ಸಿಗ್ನಲ್ ಗ್ರೌಂಡ್ ಚಾಸಿಗೆ ಒಂದೇ ಜಾಗದಾಗ ತಾಗಬೇಕು, ಇನ್‌ಪುಟ್ ಸಾಕೆಟ್ ಹತ್ರ ಆದ್ರ ಛಲೋ. ಎರಡು ಜಾಗದಾಗ ತಾಗಿತಂದ್ರ ಡಬ್ಬಿಯೊಳಗೇ ಒಂದು ಲೂಪ್ ಆಗ್ತದ.

ಮನ್ಯಾಗ ಕಟ್ಟಿದ ಆಂಪ್‌ಗಳಾಗ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಇರ್ತದ, ಬ್ರಿಜ್‌ದ ಮೈನಸ್ ವೈರ್ ಮತ್ತು ಮೊದಲನೇ ಕಂಡೆನ್ಸರ್‌ದ ಮೈನಸ್ ವೈರ್ ಬ್ಯಾರೆ ಬ್ಯಾರೆ ಕಡಿ ಚಾಸಿಗೆ ಜಡದಿರ್ತಾರ. ಡಯೋಡ್‌ಗಳು ಒಂದೇ ಸಮ ಕರೆಂಟ್ ಕೊಡಂಗಿಲ್ಲ, ಸೆಕೆಂಡಿಗೆ 100 ಸಲ ದಬಕ್ ದಬಕ್ ಅಂತ ತುಂಬ್ತಾವ, ಆ ಏಟು ಚಾಸಿಯ ತಗಡಿನಾಗ ಹರಿದ್ರ ತಗಡಿನ ಎರಡು ಜಾಗದ ನಡುವ ಸಣ್ಣ ವೋಲ್ಟೇಜ್ ಹುಟ್ತದ, ಅದು ಸಿಗ್ನಲ್‌ಗೆ ಕೂಡ್ತದ. ನೆಟ್ಟಗಿನ ಪದ್ಧತಿ ಅಂದ್ರ ಬ್ರಿಜ್‌ದ ಮೈನಸ್ ಸೀದಾ ಮೊದಲನೇ ಕಂಡೆನ್ಸರ್‌ದ ಮೈನಸ್ ಕಾಲಿಗೇ ಹೋಗ್ಬೇಕು, ಅಲ್ಲಿಂದ ಎರಡನೇ ಕಂಡೆನ್ಸರ್‌ಗೆ, ಅಲ್ಲಿಂದ ಮುಂದ ಆಂಪ್‌ಗೆ, ನೀರು ಒಂದೇ ಕಾಲುವ್ಯಾಗ ಹರ್ದಂಗ. ಜಿರ್ರ್ ಅಂತ 100ರ ಹಮ್ ಇದ್ದು ಕಂಡೆನ್ಸರ್ ಬದಲಿ ಮಾಡಿದ್ರೂ ಹೋಗಂಗಿಲ್ಲ ಅಂದ್ರ ನೂರಕ್ಕ ನೂರು ನಾ ಇಲ್ಲೇ ಮೊದಲು ನೋಡ್ತೀನಿ.

ಹೀಟರ್‌ದು ಇನ್ನ ಒಂದು ಮಾತು ಉಳೀತು. ಹೀಟರ್ ವೈಂಡಿಂಗ್ ಗಾಳ್ಯಾಗ ಬಿಟ್ಟಿದ್ರ, ಅಂದ್ರ ಯಾವ ಕಡಿಗೂ ಗ್ರೌಂಡ್ ಇಲ್ಲಾಂದ್ರ, ಹಮ್ ಖಾತ್ರಿ ಬರ್ತದ. ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ ಇಲ್ಲಾಂದ್ರ 100 ಓಮ್, ಅರ್ಧ ವ್ಯಾಟ್‌ದ ಎರಡು ರೆಸಿಸ್ಟರ್ ಹಚ್ರಿ, ಎರಡೂ ತುದಿಯಿಂದ ಒಂದೊಂದು, ನಡುವ ಕೂಡೋ ಜಾಗ ಗ್ರೌಂಡ್‌ಗೆ. ಮೊದಲೇ ಹೀಟರ್‌ದ ಒಂದು ತುದಿ ಗ್ರೌಂಡ್ ಮಾಡಿದ್ರ ಅದನ್ನ ಮರೀದೆ ಬಿಡಿಸ್ರಿ, ಇಲ್ಲಾಂದ್ರ ರೆಸಿಸ್ಟರ್ ಹಾಕಿದ್ದು ಯಾವ ಕೆಲಸಕ್ಕೂ ಬರಂಗಿಲ್ಲ. ಅದಕ್ಕಿಂತ ಛಲೋ ಅಂದ್ರ ಆ ನಡು ಜಾಗ ಗ್ರೌಂಡ್ ಬದಲಿ 30-40 ವೋಲ್ಟ್ ಡಿಸಿಗೆ ಎತ್ತೋದು, ಹೀಟರ್ ಮುಂದಿನ ವಾಲ್ವ್‌ದ ಕ್ಯಾಥೋಡ್‌ಗಿಂತ (ಹೀಟರ್ ಕಾಸೋ ಭಾಗಕ್ಕಿಂತ) ಪಾಸಿಟಿವ್ ಆಗ್ತದ, ಹೀಟರ್‌ದಿಂದ ಕ್ಯಾಥೋಡ್‌ಗೆ ಸೋರೋದು ನಿಂತು ಬಿಡ್ತದ. ಬಿ ಪ್ಲಸ್ (ವಾಲ್ವ್‌ಗೆ ಕೊಡೋ ದೊಡ್ಡ ಡಿಸಿ) 200 ಇದ್ರ ಮ್ಯಾಲ 220 ಕೆ, ಕೆಳಗ 47 ಕೆ ಹಾಕಿದ್ರ ನಡುವ 35 ವೋಲ್ಟ್ ಸಿಗ್ತದ, 47 ಕೆಗೆ ಅಡ್ಡ 47 ಎಂಎಫ್‌ಡಿ (ಮೈಕ್ರೋಫ್ಯಾರಡ್) 63 ವೋಲ್ಟ್ ಕಂಡೆನ್ಸರ್. ಮತ್ತ ಹೀಟರ್ ವೋಲ್ಟೇಜ್ ರಾತ್ರಿ ಒಮ್ಮೆ ಅಳೀರಿ. ಟ್ರಾನ್ಸ್‌ಫಾರ್ಮರ್ 220 ವೋಲ್ಟ್‌ಗೆ ಸುತ್ತಿದ್ದು ಇದ್ದು ರಾತ್ರಿ ಲೈನ್ 250 ಬಂತಂದ್ರ 6.3 ಹೋಗಿ 7.2 ಆಗ್ತದ, ವಾಲ್ವ್ ಆಯುಷ್ಯ ಸುಡ್ತದ, ಹಮ್ಮೂ ಏರ್ತದ.

ಕಂಡೆನ್ಸರ್ ಮಾತು ಕಡೀಕ ಇಟ್ಟೀನಿ, ಯಾಕಂದ್ರ ಎಲ್ಲಾರೂ ಅದನ್ನೇ ಮೊದಲು ಬದಲಿ ಮಾಡ್ತಾರ. ಆದ್ರ ನಿಮ್ಮ ಆಂಪ್‌ನಾಗ 6080 ಇರೋದ್ರಿಂದ ಇದು ಮಾತ್ರ ವಿಶೇಷ. ಆ ವಾಲ್ವ್‌ದ ಮ್ಯೂ, ಅಂದ್ರ ಸಿಗ್ನಲ್ ಹಿಗ್ಗಿಸೋ ಪ್ರಮಾಣ, ಬರೇ 2. ಕ್ಯಾಥೋಡ್ ಫಾಲೋವರ್ ಆಗಿ (ಕ್ಯಾಥೋಡ್‌ದಿಂದ ಔಟ್‌ಪುಟ್ ತಗಿಯೋ ಹಂಗ) ಹಚ್ಚಿದ್ರ ಪ್ಲೇಟ್ ಸಪ್ಲೈನ ರಿಪಲ್ (ಡಿಸಿಯಾಗ ಉಳಿದ ಏರಿಳಿತ) 2ಕ್ಕ 1 ಕೂಡ್ಸಿ 3ರಿಂದ ಭಾಗಿಸಿದಷ್ಟು, ಅಂದ್ರ ಮೂರನೇ ಒಂದು ಪಾಲು, ಸೀದಾ ಔಟ್‌ಪುಟ್‌ಗೆ ಬರ್ತದ. ಮ್ಯೂ 20-30 ಇರೋ ವಾಲ್ವ್ ಆಗಿದ್ರ ಇಷ್ಟು ಬರ್ತಿರಲಿಲ್ಲ. ಹಿಂಗಾಗಿ 6080ರ ಸಪ್ಲೈ ಅಂದ್ರ ನಿರ್ಮಲ ಇರ್ಬೇಕು, ಕೆಲವೇ ಮಿಲಿವೋಲ್ಟ್. ಲೆಕ್ಕ ನೋಡ್ರಿ, ಒಟ್ಟು 80 ಮಿಲಿಆಂಪಿಯರ್ ಎಳೀತಂದ್ರ 220 ಎಂಎಫ್‌ಡಿ ಮೊದಲನೇ ಕಂಡೆನ್ಸರ್ ಮ್ಯಾಲ ಹತ್ರ ಹತ್ರ 3.6 ವೋಲ್ಟ್ ರಿಪಲ್ ಇರ್ತದ, ಅದು ಒಣಗಿ 50 ಎಂಎಫ್‌ಡಿ ಉಳೀತಂದ್ರ 16 ವೋಲ್ಟ್. ಮುಂದಿನ ಚೋಕ್, ರೆಸಿಸ್ಟರ್ ಎಷ್ಟಂತ ತಡೀತಾವ. ಎಲೆಕ್ಟ್ರೋಲೈಟಿಕ್ ಕಂಡೆನ್ಸರ್‌ಗೆ 10 ಡಿಗ್ರಿ ಕಾವು ಏರಿದ್ರ ಆಯುಷ್ಯ ಅರ್ಧ ಆಗ್ತದ ಅನ್ನೋದು ಹಳೇ ಲೆಕ್ಕ, ನಮ್ಮೂರ ಬಿಸಿಲಿಗೆ 6080ರ ಹೀಟರ್ ಒಂದೇ ಸುಮಾರು 16 ವ್ಯಾಟ್ ಕಾವು ಕೂಡಿಸ್ತದ, ಅದರ ಮಗ್ಗಲಿಗೇ 85 ಡಿಗ್ರಿದ ಕಂಡೆನ್ಸರ್ ನಿಲ್ಲಿಸಿದ್ರ ಬ್ಯಾಗ್ನ ಒಣಗ್ತದ. 105 ಡಿಗ್ರಿದು ತರ್ರಿ, ವಾಲ್ವ್‌ದಿಂದ ದೂರ ಇಡ್ರಿ.

ರಿಪಲ್ ಅಳ್ಯಾಕ ಮೀಟರ್ ಎಸಿಗೆ ಇಟ್ಟು ನೇರ ಹಚ್ಚಬ್ಯಾಡ್ರಿ, ಅಗ್ಗದ ಮೀಟರ್ ಡಿಸಿಯನ್ನೇ ಎಸಿ ಅಂತ ತೋರಿಸಿ ದಾರಿ ತಪ್ಪಿಸ್ತಾವ. ಮೀಟರ್‌ದ ಕೆಂಪು ಕಡ್ಡಿಗೆ ಸಾಲಾಗಿ 0.1 ಎಂಎಫ್‌ಡಿ 630 ವೋಲ್ಟ್ ಕಂಡೆನ್ಸರ್ ಹಚ್ಚಿ ಅಳೀರಿ.

ಇನ್ನ ಮೊದಲಿಗೆ ಹೇಳಿದ್ದ ಉಪಾಯ. 6080 ಫಾಲೋವರ್‌ದ ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ದ ಒಳಗಿನ ತಡೆ) ಸುಮಾರು 95 ಓಮ್, 32 ಓಮ್ ಹೆಡ್‌ಫೋನ್‌ಗೆ ಈ ಆಂಪ್ ಮೂಲದಾಗೇ ಹೊಂದೋ ಜೋಡಿ ಅಲ್ಲ. ಒಂದು ಸಣ್ಣ ಅಡಾಪ್ಟರ್ ಮಾಡ್ಕೋರಿ, ಪ್ರತಿ ಕಡಿಗೂ ಆಂಪ್‌ದಿಂದ ಸಾಲಾಗಿ 120 ಓಮ್, ಅದಾದ ಮ್ಯಾಲ ಹೆಡ್‌ಫೋನ್‌ಗೆ ಅಡ್ಡ 33 ಓಮ್, ಎಲ್ಲಾ 1 ವ್ಯಾಟ್‌ದವು. ನಾಕು ರೆಸಿಸ್ಟರ್, ಒಂದು ಜ್ಯಾಕ್, ಒಂದು ಪ್ಲಗ್, ಸೂಪರ್ ಮಾರ್ಕೆಟ್ ಕಡಿ ಎಲೆಕ್ಟ್ರಾನಿಕ್ಸ್ ಅಂಗಡ್ಯಾಗ ಕೇಳ್ರಿ. ಇದ್ರಿಂದ ಆಂಪ್‌ಗೆ 32ರ ಬದಲಿ 136 ಓಮ್ ಕಾಣ್ತದ, ಹೆಡ್‌ಫೋನ್‌ಗೆ ಹಿಂದ ನೋಡಿದ್ರ 95ರ ಬದಲಿ 29 ಓಮ್ ಕಾಣ್ತದ, ತಳಮಟ್ಟದ ಬೇಸ್ ಬಿಗಿ ಆಗ್ತದ, ಮತ್ತ ಹಮ್ 11 ಡಿಬಿ ಇಳೀತದ. ಹಾಡೂ ಅಷ್ಟೇ ಇಳೀತದ, ಆದ್ರ ಹಾಡನ್ನ ವಾಲ್ಯೂಮ್ ಗುಂಡಿ ತಿರುವಿ ಮತ್ತ ಏರಿಸಬಹುದು, ಹಮ್ ಪಾಟ್ ಆದ ಮ್ಯಾಲಿಂದು, ಅದು ಏರಂಗಿಲ್ಲ.

ನೀವು ಈ ಭಾನುವಾರ ಬರೇ ಮೂರು ಕೆಲಸ ಮಾಡಿ ನನಗ ತಿಳಿಸ್ರಿ, ಸಾಕೆಟ್‌ದ ನ್ಯೂಟ್ರಲ್-ಅರ್ಥ್ ಎಷ್ಟು ವೋಲ್ಟ್, ಅದೂ ಮಧ್ಯಾಹ್ನ ಒಮ್ಮೆ ರಾತ್ರಿ 8ಕ್ಕ ಒಮ್ಮೆ, ಪ್ಲಗ್ ಪಿನ್‌ದಿಂದ ಚಾಸಿಗೆ ಎಷ್ಟು ಓಮ್, ತಣ್ಣಗಿದ್ದಾಗ ಸ್ವಿಚ್ ಹಾಕಿದ ಕೂಡ್ಲೇ ಹಮ್ ಬಂತೋ ಇಲ್ಲೋ. ಒಳಗಿನ ವೈರಿಂಗ್‌ದು ಒಂದು ಫೋಟೋನೂ ಕಳಿಸ್ರಿ, ಹಸಿರು ಹೀಟರ್ ವೈರ್ ಮತ್ತ ಹೆಡ್‌ಫೋನ್ ಜ್ಯಾಕ್ ಎರಡೂ ಕಾಣಂಗ, ಲೈಟ್ ಹಚ್ಚಿ ತಗೀರಿ.